ನೆಲ ನೋಡಿ ನಡೆಯುವ ನಮ್ಮ ಭಾವ

ನಮ್ಮ ಭಾವನ ಮುಖವನ್ನು ಸರಿಯಾಗಿ ನೋಡಿದವರು ಊರಿನಲ್ಲಿ ಬಹಳ ಕಡಿಮೆ. ನೋಡುವುದಾದರೂ ಹೇಗೆ? ಅವರು ತಲೆ ಎತ್ತಿದರೆ ತಾನೇ! ಎದುರಿಗೆ ಬಂದವರನ್ನು ಅವರು ಗುರುತು ಹಿಡಿಯುವುದು ಚಪ್ಪಲಿಯಿಂದ. ಎಡಗಡೆಯ ಹಿಮ್ಮಡಿ ಸವೆದಿದ್ದರೆ ಅಂಚೆಯವನು, ಬೂಟಿನ ಮೇಲೆ ಹಿಟ್ಟು ಬಿದ್ದಿದ್ದರೆ ಬೇಕರಿಯವನು. ಗುರುತು ಸಿಕ್ಕಿದ ಮೇಲೆ "ಏನಪ್ಪಾ, ಚೆನ್ನಾಗಿದೀಯಾ?" ಎಂದು ಆ ಬೂಟನ್ನೇ ವಿಚಾರಿಸಿಕೊಳ್ಳುತ್ತಾರೆ. ನಾನು ಹೊಸ ಚಪ್ಪಲಿ ಮೆಟ್ಟಿದ ದಿನ ನಡುಬೀದಿಯಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಿಬಿಟ್ಟಿದ್ದರು. ಸ್ವಂತ ಹೆಂಡತಿಯ ತಂಗಿ, ಅದೂ ಒಂದೇ ಮನೆಯಲ್ಲಿರುವವಳು! ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಇದು ಹುಟ್ಟುಗುಣವಲ್ಲ, ಕೆಲಸ ಕಲಿಸಿದ ಗುಣ. ನಮ್ಮ ಊರು ಇರುವುದೇ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ. ಅಲ್ಲಿ ಬೆಟ್ಟದ ಮೇಲಿನಿಂದ ಬುಡದವರೆಗೆ ಒಂದರ ಕೆಳಗೊಂದು ಸರೋವರಗಳು. ಮೇಲಿನದು ತುಂಬಿ ಚೆಲ್ಲಿದ್ದು ಕೆಳಗಿನದಕ್ಕೆ, ಅದು ತುಂಬಿ ಚೆಲ್ಲಿದ್ದು ಅದರ ಕೆಳಗಿನದಕ್ಕೆ. ನೀರು ಬಿದ್ದಲ್ಲೆಲ್ಲ ಜಲಪಾತ, ನಿಂತಲ್ಲೆಲ್ಲ ಸರೋವರ. ನೋಡಲು ಬಂದವರು ನೀರಿಗೆ ಕಾಲಿಡದೆ ನೀರಿನ ಮೇಲೇ ಓಡಾಡಲಿ ಎಂದು ಉದ್ದಕ್ಕೂ ಮರದ ಹಲಗೆಯ ದಾರಿ ಹಾಕಿದ್ದಾರೆ. ಆ ದಾರಿಯನ್ನು ನೋಡಿಕೊಳ್ಳುವ ಬಡಗಿಗಳಲ್ಲಿ ನಮ್ಮ ಭಾವನೇ ಹಳಬರು. ಹಗಲೂ ರಾತ್ರಿ ನೀರು ಕುಡಿಯುವ ಮರ ಎಷ್ಟು ಕಾಲ ಬಾಳೀತು? ಈ ತುದಿಯಿಂದ ಸರಿಮಾಡುತ್ತ ಹೋಗಿ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಮತ್ತೆ ಕೊಳೆತಿರುತ್ತದೆ. ಹಾಗಾಗಿ ಭಾವ ವರ್ಷವಿಡೀ ಬಗ್ಗಿಕೊಂಡೇ ಇರುತ್ತಾರೆ.

ಲೋಕದ ಮೂಲೆಮೂಲೆಯಿಂದ ಜನ ಬಂದು ಆ ನೀರಿನ ಬಣ್ಣ ನೋಡಿ ಕಣ್ಣು ಬಾಯಿ ಬಿಡುತ್ತಾರೆ. ಒಮ್ಮೆ ನಾನು ಕೇಳಿದ್ದೆ, "ಭಾವ, ಆ ಸರೋವರ ನಿಜವಾಗ್ಲೂ ಯಾವ ಬಣ್ಣ?"

ಅವರು ತುಂಬ ಯೋಚನೆ ಮಾಡಿ ಹೇಳಿದರು, "ಹಲಗೆ ಹತ್ರ ಪಾಚಿ ಬಣ್ಣ. ಅದರಾಚೆ ನಂಗೆ ಕೆಲಸ ಇಲ್ಲಮ್ಮ."

ಅವರ ಇನ್ನೊಂದು ಗುಣವನ್ನೂ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಎಡವಟ್ಟೂ ಅದರಿಂದಲೇ ಆದದ್ದು. ಅರ್ಧ ಆದ ಕೆಲಸವನ್ನು ಭಾವ ಯಾರಿಗೂ ತೋರಿಸುವುದಿಲ್ಲ. ಅದರ ಬಗ್ಗೆ ತುಟಿ ಪಿಟಕ್ಕೆನ್ನುವುದೂ ಇಲ್ಲ. ಮನೆಯಲ್ಲಿ ಒಂದು ಮಣೆ ಮಾಡಿದರೂ ಮುಗಿಯುವ ತನಕ ಹಳೇ ಬೆಡ್‌ಶೀಟು ಹೊದಿಸಿ ಇಟ್ಟಿರುತ್ತಾರೆ. ಅಕ್ಕ ಅಡುಗೆಮನೆಗೆ ಕಪಾಟು ಬೇಕೆಂದು ಕೇಳಿದಳು, ಬೈದಳು, ಅತ್ತಳು, ಕೊನೆಗೆ ಬೇಸತ್ತು ಅಂಗಡಿಯಿಂದ ತಗಡಿನ ಕಪಾಟು ತಂದಿಟ್ಟಳು. ಅದಾದ ಮರುವಾರ ಭಾವ ಬೆಡ್‌ಶೀಟು ಸರಿಸಿ ಮರದ ಕಪಾಟು ತೋರಿಸಿದರು. ಎಂಥ ಕಪಾಟು ಅಂತೀರಿ! ಬಾಗಿಲು ಮುಚ್ಚಿದರೆ ಸದ್ದೇ ಇಲ್ಲ.

"ಮಾಡ್ತಾ ಇದೀನಿ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಅಕ್ಕ ಹರಿಹಾಯ್ದಳು.

"ಮುಗೀಲಿ ಅಂತಿದ್ದೆ" ಎಂದರು ಭಾವ, ಅಕ್ಕನ ಕಾಲ್ಬೆರಳುಗಳಿಗೆ.

ಈಗ ಪಾತ್ರೆಗಳು ತಗಡಿನದರಲ್ಲಿವೆ, ಮರದ್ದರಲ್ಲಿ ನನ್ನ ದಾರದ ಉಂಡೆಗಳಿವೆ. ನಾನು ಹೊಲಿಗೆಯವಳು. ಮದುವೆ ಎಂಬ ಉಸಾಬರಿಗೆ ಹೋಗದೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಕೂತಿದ್ದೇನೆ. ಊರಿನ ಹೋಟೆಲುಗಳಿಗೆಲ್ಲ ಕಿಟಕಿ ಪರದೆ, ದಿಂಬಿನ ಚೀಲ ಹೊಲಿದು ಕೊಡುವುದು ನನ್ನ ಕೆಲಸ. ನನ್ನ ಕೈ ಎಷ್ಟು ಓಡುತ್ತದೋ ಬಾಯಿ ಅದಕ್ಕಿಂತ ಒಂದು ಮೊಳ ಮುಂದೆ ಓಡುತ್ತದೆ ಎಂದು ಅಕ್ಕನ ದೂರು.

ಅಕ್ಕ ಕೆಲಸ ಮಾಡುವುದು ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನಲ್ಲಿ, ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಕಿಟಕಿಯಿಲ್ಲದ ಜಾಗ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಗೆ ಇಸ್ತ್ರಿ ಮೇಜು, ನಡುವೆ ಬೆಟ್ಟದಂತೆ ಬಿದ್ದಿರುವ ಬೆಡ್‌ಶೀಟುಗಳು. ಅಕ್ಕ ಮತ್ತು ಅವಳ ಜೊತೆಯ ಹೆಂಗಸರು ಎದುರುಬದುರು ನಿಂತು, ಶೀಟಿನ ತುದಿ ಹಿಡಿದು, ಝಾಡಿಸಿ, ಮಡಿಸಿ, ಹತ್ತಿರ ಬಂದು, ಮತ್ತೆ ಹಿಂದೆ ಸರಿಯುತ್ತಾರೆ. ಈ ಕುಣಿತ ಮುಗಿದ ಮೇಲೆ ಬುಟ್ಟಿ ಹೊತ್ತು ಕಡಿದಾದ ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲುಗಳೇ ಅಕ್ಕನ ಬಲಮಂಡಿಯನ್ನು ತಿಂದುಹಾಕಿದವು.

ಅವಳ ಆಸೆ ದೊಡ್ಡದೇನಲ್ಲ. ಬೆಟ್ಟದ ತುದಿಯಲ್ಲಿರುವ ದೊಡ್ಡ ಜಲಪಾತವನ್ನು ಒಮ್ಮೆ ನೋಡಬೇಕು. ಕೋಣೆ ಬಿಟ್ಟುಹೋಗುವ ಪ್ರವಾಸಿಗಳೆಲ್ಲ ಅದರ ಮಾತೇ ಆಡುತ್ತಾರೆ, ಅದರ ಕೆಸರನ್ನೇ ಟವೆಲಿಗೆ ಒರೆಸಿ ಹೋಗುತ್ತಾರೆ. ವಿಮಾನ ಹತ್ತಿ ಬಂದವರು ನೋಡಿದ್ದನ್ನು ಬಸ್ಸಿನಲ್ಲಿ ಒಂದು ಆಕಳಿಕೆ ಮುಗಿಯುವಷ್ಟು ದೂರದಲ್ಲಿರುವ ಅಕ್ಕ ನೋಡಿರಲಿಲ್ಲ. "ಗಂಡ ಅಲ್ಲೇ ಕೆಲಸ ಮಾಡ್ತಾನೆ, ಇವಳು ಮಾತ್ರ ಟವೆಲ್ಲಲ್ಲಿ ಜಲಪಾತ ನೋಡ್ತಾಳೆ" ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಅಕ್ಕ ನಗುತ್ತಿದ್ದಳು. ಮನೆಗೆ ಬಂದು ಪಾತ್ರೆಗಳನ್ನು ದಬದಬ ಇಡುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಒಮ್ಮೆ ಭಾವ ಅವಳನ್ನು ಕರೆದುಕೊಂಡು ಹೋಗಿದ್ದುಂಟು. ಕೆಳಗಿನ ಸರೋವರ ದಾಟುವ ಮೊದಲೇ ಒಂದು ಹಲಗೆ ಕಿರ್ ಎಂದಿತಂತೆ. ಭಾವ ಕೂತರು. ಜೇಬಿನಿಂದ ಸುತ್ತಿಗೆ ಬಂತು. ಅದರ ಪಕ್ಕದ್ದನ್ನು ತಟ್ಟಿದರು, ಅದರ ಪಕ್ಕದ್ದನ್ನೂ ತಟ್ಟಿದರು. ಹೊಸ ಸೀರೆ ಉಟ್ಟುಕೊಂಡಿದ್ದ ಅಕ್ಕ ಬೆಂಚಿನ ಮೇಲೆ ಕೂತು ಬಾತುಕೋಳಿಗಳನ್ನು ನೋಡಿದಳು. ಗೇಟು ಮುಚ್ಚುವ ಸೀಟಿ ಊದಿದಾಗ ಇಬ್ಬರೂ ವಾಪಸು ಬಂದರು.

ಆಮೇಲೆ ಮಗಳು ಹುಟ್ಟಿದಳು, ಕೆಲಸ ಹೆಚ್ಚಾಯಿತು, ಮಂಡಿ ಕೈಕೊಟ್ಟಿತು. ಮಂಡಿ ನೋವು ಶುರುವಾದ ಮೇಲೆ ಅಕ್ಕ ಪ್ರತಿ ಬೇಸಿಗೆಯಲ್ಲೂ ಕೇಳತೊಡಗಿದಳು, "ರೀ, ಈ ಕಾಲು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಕರ್ಕೊಂಡು ಹೋಗ್ರೀ."

"ಹೋಗೋಣ. ಈ ವರ್ಷ ಬೇಡ. ಇನ್ನೂ ಆಗಿಲ್ಲ" ಎನ್ನುತ್ತಿದ್ದರು ಭಾವ.

ಏನು ಆಗಿಲ್ಲ ಎಂದು ಕೇಳಿದರೆ ಕೈ ತೊಳೆಯಲು ಎದ್ದುಹೋಗುತ್ತಿದ್ದರು. ಒಂದು ಮಳೆಗಾಲದಲ್ಲಿ ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ ಮುಖ ಅರಳಿಸಿಕೊಂಡು, "ಈ ಸಲ ಚೆನ್ನಾಗಿ ಕೊಳೆತಿದೆ" ಎಂದರು. ಅಕ್ಕ ಬೆಚ್ಚಿಬಿದ್ದು ಪಾತ್ರೆಗೆ ಮೂಗು ಹಚ್ಚಿ ನೋಡಿದಳು. ಊಟದ ಮಾತಲ್ಲ, ಮರದ ಮಾತು. ಹಲಗೆ ಕೊಳೆತರೆ ಸಂತೋಷಪಡುವ ಬಡಗಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹಿಂಬಾಗಿಲಿನ ಮೆಟ್ಟಿಲಿನ ಕಥೆಯೂ ಆ ದಿನಗಳದ್ದೇ. ನಮ್ಮ ಮನೆಯ ಹಿಂದೆ ಬಟ್ಟೆ ಒಣಹಾಕುವ ಅಂಗಳವಿದೆ. ಅಲ್ಲಿಗಿಳಿಯಲು ಎರಡು ಎತ್ತರದ ಮೆಟ್ಟಿಲುಗಳಿದ್ದವು. ಒಂದು ಚಳಿಗಾಲ ಭಾವನಿಗೆ ಏನು ಹುಚ್ಚು ಹಿಡಿಯಿತೋ, ಅವನ್ನು ಕಿತ್ತು ಬೇರೆ ಮಾಡಿದರು. ಮರುವಾರ ಅದನ್ನೂ ಕಿತ್ತು ಇನ್ನೊಂದು. ಒಮ್ಮೆ ಎತ್ತರ, ಒಮ್ಮೆ ತಗ್ಗು. ಅಕ್ಕ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಇಳಿಯುವಾಗಲೆಲ್ಲ ಬಾಗಿಲಲ್ಲೇ ನಿಂತು, "ಈಗ ನೋಯುತ್ತಾ? ಈಗ?" ಎಂದು ಕೇಳುವುದು. "ನಿಮ್ಮನ್ನ ನೋಡಿದ್ರೆ ತಲೆ ನೋಯುತ್ತೆ" ಎಂದು ಅಕ್ಕ. ನಿನ್ನೆಯ ಎತ್ತರಕ್ಕೆ ಕಾಲು ಎತ್ತಿ ಇವತ್ತಿನ ತಗ್ಗಿಗೆ ಇಟ್ಟು ನಾನು ಒಂದು ದಿನ ಮುಗ್ಗರಿಸಿ ಬಿದ್ದೆ. ಇಡೀ ಮನೆ ಕೇಳುವಂತೆ ಬೈದೆ. ಕೊನೆಗೊಂದು ದಿನ ಅಕ್ಕ "ನೋಯಲ್ಲ, ಸಾಕು ಮುಗಿಸ್ರೀ" ಎಂದಳು. ಭಾವ ಒಂದು ಕೋಲಿಗೆ ಗುರುತು ಹಾಕಿಕೊಂಡು ಹೋದರು. ಅಗಲವಾದ, ಗಿಡ್ಡ ಗಿಡ್ಡ ನಾಲ್ಕು ಮೆಟ್ಟಿಲು ಹಿಂಬಾಗಿಲಿಗೆ ಖಾಯಂ ಆದವು.

ವರ್ಷಗಳು ಹೋದವು. ಈ ವರ್ಷ ಡಾಕ್ಟರು ಅಕ್ಕನ ಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನು ಔಷಧಿಯಿಂದ ಆಗದು, ಮಂಡಿಯನ್ನೇ ಬದಲಾಯಿಸಬೇಕು ಎಂದರು. ಮುಂದಿನ ತಿಂಗಳಿಗೆ ದಿನ ಗೊತ್ತಾಯಿತು. "ಆಮೇಲೆ ಸಮತಟ್ಟು ನೆಲದಲ್ಲಿ ಆರಾಮಾಗಿ ಓಡಾಡಬಹುದು. ಬೆಟ್ಟ ಗಿಟ್ಟ ಹತ್ತೋ ಆಸೆ ಮಾತ್ರ ಬಿಟ್ಟುಬಿಡಿ" ಎಂದೂ ಹೇಳಿದರು. ಅಕ್ಕ ಆಸ್ಪತ್ರೆಯ ಮೆಟ್ಟಿಲನ್ನು ಗೋಡೆ ಹಿಡಿದು ಒಂದೊಂದಾಗಿ ಇಳಿದಳು.

ಅದೇ ವಾರ, ಊಟಕ್ಕೆ ಕೂತಾಗ, ಭಾವ ತಟ್ಟೆಗೆ ಹೇಳಿದರು, "ಭಾನುವಾರ ಹೋಗೋಣ. ದೊಡ್ಡ ಜಲಪಾತಕ್ಕೆ."

ಅಕ್ಕನ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ಭಾನುವಾರ..."

"ಕಾಲು ಇದ್ದಾಗ ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತ ರಾಗ ಎಳೆದ್ರಿ. ಈಗ ಕಾಲು ಹೋದ ಮೇಲೆ ಕರೀತಿದೀರಾ? ನನ್ನನ್ನೇನು ಹೊತ್ಕೊಂಡು ಹೋಗ್ತೀರಾ?" ಅಕ್ಕ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಬೆಟ್ಟದ ಮೆಟ್ಟಿಲು ಹೇಗಿದೆ ಅಂತ ಹೋಟೆಲಲ್ಲಿ ಎಲ್ಲರೂ ಹೇಳ್ತಾರೆ. ಅರ್ಧಕ್ಕೆ ಕೂತು ವಾಪಸು ಬಂದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?"

ಭಾವ ತುತ್ತು ಕಲಸುತ್ತಲೇ ಕೂತರು. ಅವರಿಗೆ ಜಗಳ ಬರುವುದಿಲ್ಲ, ಅದೇ ದೊಡ್ಡ ತೊಂದರೆ. ಕೊನೆಗೆ ನಾನೇ ಬಾಯಿ ಹಾಕಿದೆ. "ಅಕ್ಕ, ಇದು ಕೊನೇ ಅವಕಾಶ. ಹೋಗೋಣ. ಆಗದೆ ಇದ್ರೆ ಬಾತುಕೋಳಿ ಇದ್ದೇ ಇವೆ." ಅಕ್ಕ ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಷರತ್ತು ಹಾಕಿದಳು. ಸುತ್ತಿಗೆ, ಮೊಳೆ, ಇಕ್ಕಳ ಯಾವುದೂ ಜೊತೆಗೆ ಬರಕೂಡದು. ಭಾವ ಹಲಗೆ ನೋಡಕೂಡದು, ತಲೆ ಎತ್ತಿಯೇ ನಡೆಯಬೇಕು. ಕಾವಲಿಗೆ ನಾನು.

ನನ್ನ ಬಾಯಿಯ ವಿಷಯ ಆಗಲೇ ಹೇಳಿದೆನಲ್ಲ. ಮರುದಿನ ಪರದೆ ಕೊಡಲು ಹೋಟೆಲಿಗೆ ಹೋದವಳು ಬಟ್ಟೆ ಕೋಣೆಯಲ್ಲಿ ಎಲ್ಲ ಉಸುರಿಬಿಟ್ಟೆ. ಹೆಂಗಸರು ಇಸ್ತ್ರಿ ಬಿಟ್ಟು ಎದ್ದು ನಿಂತರು. "ಜಲಪಾತದ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಬಾ. ಇಲ್ಲಿ ಗೋಡೆಗೆ ಅಂಟಿಸ್ತೀವಿ" ಎಂದು ಅಕ್ಕನಿಗೆ ಅಪ್ಪಣೆ ಮಾಡಿದರು. ಅಲ್ಲಿಗೆ ಅಕ್ಕ ಹಿಂದೆ ಸರಿಯುವ ದಾರಿಯೂ ಮುಚ್ಚಿತು. ಅವಳು ಇಡೀ ದಿನ ನನ್ನ ಜೊತೆ ಮಾತು ಬಿಟ್ಟಳು.

ಭಾನುವಾರ ಬೆಳಿಗ್ಗೆ ಅಕ್ಕ ಭಾವನ ಜೇಬು ತಡಕಿದಳು, ಆಮೇಲೆ ಬೆನ್ನಿನ ಚೀಲ ಬಿಚ್ಚಿಸಿದಳು. ಚಹಾದ ಫ್ಲಾಸ್ಕು, ಬ್ರೆಡ್ಡು, ಕಿತ್ತಳೆ ಹಣ್ಣು, ತಳದಲ್ಲಿ ಬಟ್ಟೆ ಸುತ್ತಿದ ಗಟ್ಟಿ ವಸ್ತು. ಬಿಚ್ಚಿದರೆ ಒಂದು ಪುಟ್ಟ ಮಣೆ.

"ಇದ್ಯಾಕೆ?"

"ಬೇಕಾಗುತ್ತೆ."

"ಅಲ್ಲಿ ಬೆಂಚಿಲ್ವಾ ಕೂರೋಕೆ?" ಎಂದು ಅಕ್ಕ ಮೂಗು ಮುರಿದಳು. ಸುತ್ತಿಗೆಯಂತೂ ಅಲ್ಲವಲ್ಲ ಎಂದು ಬಿಟ್ಟುಬಿಟ್ಟಳು.

ಉದ್ಯಾನದ ಗೇಟಿನಲ್ಲಿ ಟಿಕೆಟ್ ಕೊಡುವವಳು ಅಕ್ಕನ ಮಗಳೇ. ಸಮವಸ್ತ್ರ ಹಾಕಿಕೊಂಡರೆ ಅವಳಿಗೆ ಅಪ್ಪ ಅಮ್ಮ ಯಾರೂ ಕಾಣುವುದಿಲ್ಲ. ಕಿಟಕಿಯ ಆಚೆಯಿಂದ ಗಂಭೀರವಾಗಿ, "ಎಷ್ಟು ಜನ?" ಎಂದು ಕೇಳಿದಳು. ನಮ್ಮ ಹಿಂದೆ ಮಾರುದ್ದದ ಸಾಲಿತ್ತು. ಟಿಕೆಟ್ ಹರಿದು ಕೊಟ್ಟು, ಗಾಜಿನ ತೂತಿಗೆ ಬಾಯಿ ಇಟ್ಟು ಪಿಸುಗುಟ್ಟಿದಳು, "ಅಮ್ಮಾ, ನಿಜವಾಗ್ಲೂ ಮೇಲಕ್ಕಾ? ಚಿಕ್ಕಮ್ಮ, ಅಪ್ಪನ್ನ ನೋಡ್ಕೊಳ್ಳಿ, ಕೆಳಗೆ ನೋಡೋಕೆ ಬಿಡ್ಬೇಡಿ." ಆಮೇಲೆ ತಲೆ ಎತ್ತಿ, "ಮುಂದಿನವರು!" ಎಂದು ಕೂಗಿದಳು.

ಕೆಳಗಿನ ಸರೋವರದ ಮೇಲೆ ಕಾಲಿಟ್ಟಾಗ ನನಗೇ ಮಾತು ನಿಂತುಹೋಯಿತು. ಹಲಗೆಯ ಅಂಚಿನ ಹತ್ತಿರ ನೀರು ತೆಳು ಹಸಿರು, ನಡುವೆ ದಟ್ಟ ನೀಲಿ. ತಳದಲ್ಲಿ ಬಿದ್ದ ಮರದ ಕೊಂಬೆ ಕೊಂಬೆಯೂ ಕಾಣುತ್ತಿತ್ತು, ಅದರ ಮೇಲೆ ಮೀನುಗಳ ನೆರಳು ಬೇರೆಯಾಗಿ ಓಡುತ್ತಿತ್ತು. ಅಕ್ಕ "ಅಬ್ಬಾ!" ಎಂದಳು. ಭಾವ ಸಹ "ಅಬ್ಬಾ" ಎಂದರು. ನೋಡಿದರೆ ಅವರ ಕಣ್ಣು ಕಾಲಡಿಯ ಹಲಗೆಯ ಮೇಲಿತ್ತು.

"ಭಾವ!"

"ಒಂದ್ಸಲ, ಸುಮ್ನೆ ಒಂದ್ಸಲ..."

ಕೆಳಗೆ ನೋಡಿದರೆ ತಪ್ಪಿಗೊಂದು ಕಿತ್ತಳೆ ಹಣ್ಣು ಮುಟ್ಟುಗೋಲು ಎಂದು ನಾನು ಅಲ್ಲೇ ಕಾನೂನು ಮಾಡಿದೆ. ಮೊದಲ ತಿರುವು ಬರುವಷ್ಟರಲ್ಲಿ ಭಾವನ ಪಾಲಿನ ಹಣ್ಣೆಲ್ಲ ನನ್ನ ಕೈಚೀಲದಲ್ಲಿತ್ತು. ಆಮೇಲೆ ಅವರು ನಿಜಕ್ಕೂ ತಲೆ ಎತ್ತಿದರು. ಗದ್ದ ಆಕಾಶಕ್ಕೆ ಮಾಡಿಕೊಂಡು, ಮೂಗಿನಲ್ಲಿ ರಕ್ತ ಸೋರುತ್ತಿರುವವರ ಹಾಗೆ ನಡೆದರು. ಒಂದು ಕಡೆ ಇದ್ದಕ್ಕಿದ್ದಂತೆ ಕಾಲು ಅಗಲಿಸಿ ಒಂದು ಹಲಗೆ ದಾಟಿದರು. ಹಿಂದಿದ್ದ ಅಕ್ಕ ಏನೋ ಇರಬೇಕೆಂದು ತಾನೂ ದಾಟಿದಳು. ನಾನೂ ದಾಟಿದೆ. ನನ್ನ ಹಿಂದೆ ಬರುತ್ತಿದ್ದ ಪ್ರವಾಸಿಗಳ ಗುಂಪು ಒಬ್ಬರಾದ ಮೇಲೊಬ್ಬರು ಶ್ರದ್ಧೆಯಿಂದ ದಾಟಿತು. ದಪ್ಪನೆಯ ಹೆಂಗಸೊಬ್ಬಳು ಗಂಡನ ಭುಜ ಹಿಡಿದು ಜಿಗಿದೇಬಿಟ್ಟಳು.

"ಏನಿದೆ ಭಾವ ಆ ಹಲಗೇಲಿ?"

"ಮೊದಲು ಅಲ್ಲಿ ಮೊಳೆ ಎದ್ದಿತ್ತು. ಹೋದ ವರ್ಷವೇ ಹೊಸ ಹಲಗೆ ಹಾಕಿದೀನಿ." ಭಾವ ಆಕಾಶ ನೋಡುತ್ತಲೇ ಹೇಳಿದರು. "ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಿರುಗಿ ನೋಡಿದರೆ, ಇನ್ನೂ ಜನ ಅಲ್ಲಿ ಜಿಗಿಯುತ್ತಲೇ ಇದ್ದರು.

ದೊಡ್ಡ ಸರೋವರವನ್ನು ಉದ್ಯಾನದ ದೋಣಿಯಲ್ಲಿ ದಾಟಿದೆವು. ಆಚೆ ದಡದಲ್ಲಿ ಇಳಿದಾಗ ಬೆಟ್ಟ ಎದುರಿಗೆ ನಿಂತಿತ್ತು, ಮೇಲಿನಿಂದ ಜಲಪಾತದ ಸದ್ದು ಕೇಳುತ್ತಿತ್ತು. ಮರಗಳ ನಡುವೆ ಮೆಟ್ಟಿಲುಗಳು ತಿರುಗಿ ತಿರುಗಿ ಮೇಲೇರಿ ಮಾಯವಾಗಿದ್ದವು. ಅಕ್ಕನ ನಗು ನಿಂತಿತು. ಮೆಟ್ಟಿಲ ಪಕ್ಕದ ಮರದ ಕಂಬಿ ಹಿಡಿದು, "ಇಲ್ಲಿವರೆಗೆ ಬಂದಿದ್ದೇ ಸಾಕು ಅನ್ಸುತ್ತೆ" ಎಂದಳು, ಸಣ್ಣ ದನಿಯಲ್ಲಿ.

"ಹತ್ತು" ಎಂದರು ಭಾವ. ಅವರು ಈಗ ಆಕಾಶವನ್ನೂ ನೋಡುತ್ತಿರಲಿಲ್ಲ, ನೆಲವನ್ನೂ ನೋಡುತ್ತಿರಲಿಲ್ಲ. ಅಕ್ಕನ ಮಂಡಿಯನ್ನು ನೋಡುತ್ತಿದ್ದರು.

ಅಕ್ಕ ಹತ್ತಿದಳು. ನಾನು ಹಿಂದೆ. ಎಂಥ ವಿಚಿತ್ರ ಮೆಟ್ಟಿಲುಗಳು! ಅಂಗೈ ಎತ್ತರದವು, ಅಗಲ ಮಾತ್ರ ಮಂಚದಷ್ಟು. ಮೇಲೆ ಹೋಗುತ್ತಿದ್ದೇವೋ ಇಲ್ಲವೋ ತಿಳಿಯದ ಹಾಗೆ ಟಿಕಿಟಿಕಿ ಹೆಜ್ಜೆ ಇಡಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ. "ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ? ಮಕ್ಕಳಾಟದ ಮನೆ ಅಂದ್ಕೊಂಡ್ನಾ? ನಾಲ್ಕು ಹೆಜ್ಜೆಗೆ ಮುಗಿಯೋದಕ್ಕೆ ಎಂಟು ಹೆಜ್ಜೆ ಇಡಿಸ್ತಾನಲ್ಲ!" ಎಂದು ಗೊಣಗುತ್ತಲೇ ಇದ್ದೆ. ಪಕ್ಕದಲ್ಲಿ ಕೋಲೂರಿಕೊಂಡು ಹತ್ತುತ್ತಿದ್ದ ಅಜ್ಜಿಯೊಬ್ಬರು, "ಯಾರು ಕಟ್ಟಿದ್ರೋ, ಅವರ ಕೈ ತಣ್ಣಗಿರಲಿ" ಎಂದರು. ಭಾವನ ಕಿವಿ ಕೆಂಪಾಯಿತು. ನಾನು ಬಿಸಿಲಿಗೆ ಎಂದುಕೊಂಡೆ.

ಎರಡು ತಿರುವು ಕಳೆಯಿತು, ಮೂರನೆಯದೂ ಕಳೆಯಿತು. ಅಕ್ಕ ನಿಂತಳು. ಆಯಿತು, ಮಂಡಿ ಹಿಡಿಯಿತು ಎಂದು ನಾನು ಓಡಿದೆ. ಅವಳು ಮಂಡಿ ಹಿಡಿದುಕೊಂಡಿರಲಿಲ್ಲ. ಒಂದು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಇಳಿದು ಹತ್ತಿದಳು. ಕೈಗಳನ್ನು ಬುಟ್ಟಿ ಹಿಡಿದ ಹಾಗೆ ಮುಂದೆ ಚಾಚಿಕೊಂಡಿದ್ದಳು.

"ಇದು ನಮ್ಮ ಹಿಂಬಾಗಿಲಿನ ಮೆಟ್ಟಿಲು" ಎಂದಳು ಅಕ್ಕ.

ನಾನು ಬೆಪ್ಪಾಗಿ ನಿಂತೆ. ಭಾವ ಪಕ್ಕದ ಕಂಬಿಯ ಮೇಲೆ ಇಲ್ಲದ ಧೂಳು ಒರೆಸತೊಡಗಿದರು.

"ರೀ. ಅದೇ ಅಳತೆ ತಾನೇ?"

"ಹೂಂ."

"ಎಲ್ಲಿವರೆಗೆ?"

"ಮೇಲಿನವರೆಗೆ." ಭಾವ ತೊದಲಿದರು. "ಗಟ್ಟಿ ಇರೋ ಮೆಟ್ಟಿಲು ಕೀಳೋ ಹಾಗಿಲ್ಲ, ಅದು ಇಲ್ಲಿನ ಕಟ್ಟಳೆ. ಕೊಳೆತ ಸಾಲನ್ನ ಮಾತ್ರ ಬದಲಾಯಿಸಬಹುದು. ಒಂದು ವರ್ಷ ಒಂದು ಸಾಲು ಕೊಳೆಯೋದು, ಇನ್ನೊಂದು ವರ್ಷ ಯಾವುದೂ ಕೊಳೀತಿರಲಿಲ್ಲ. ಕೊನೇ ಸಾಲು ಇತ್ತು ನೋಡು, ಒಳ್ಳೇ ಮರ, ಏನು ಮಾಡಿದ್ರೂ ಹಾಳಾಗ್ಲಿಲ್ಲ. ಕಾಯ್ತಾ ಇದ್ದೆ. ಈ ವಸಂತದಲ್ಲಿ ಹೋಯ್ತು. ಹೋದ ವಾರ ಮುಗಿಸ್ದೆ. ಗಿಡ್ಡ ಇದ್ರೆ ಜನ ಜಾರಲ್ಲ ಅಂತ ಸಾಹೇಬರಿಗೆ ಹೇಳಿ ಒಪ್ಪಿಸಿದ್ದೆ. ಅದೂ ಸುಳ್ಳಲ್ಲ."

ಭಾವ ಇಷ್ಟುದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಕ್ಕ ಪ್ರತಿ ಬೇಸಿಗೆ ಕೇಳುತ್ತಿದ್ದಾಗ, ಇವರು ಇಲ್ಲಿ ಬಗ್ಗಿ ಮರ ಕೊಳೆಯುವುದನ್ನು ಎದುರು ನೋಡುತ್ತಿದ್ದರು! ನಾನು ಕಟ್ಟಿದವನಿಗೆ ಹಾಕಿದ ಶಾಪವನ್ನೆಲ್ಲ ನೆನೆದು ನಾಲಿಗೆ ಕಚ್ಚಿಕೊಂಡೆ. ಕೈಚೀಲದಿಂದ ಒಂದು ಕಿತ್ತಳೆ ತೆಗೆದು ಸುಮ್ಮನೆ ಅವರ ಕೈಗಿಟ್ಟೆ.

"ಹೇಳೋಕೇನಾಗಿತ್ತು ನಿಮಗೆ?" ಅಕ್ಕನ ಕೆನ್ನೆ ಒದ್ದೆಯಾಗಿತ್ತು. "ಇಷ್ಟು ವರ್ಷ ನಿಮಗೆ ನನ್ನ ನೆನಪೇ ಇಲ್ಲ ಅಂದ್ಕೊಂಡಿದ್ನಲ್ರೀ ನಾನು. ಎಷ್ಟು ಬೈದೆ ನಿಮ್ಮನ್ನ!"

"ಮುಗೀಲಿ ಅಂತಿದ್ದೆ."

"ನಿಮ್ಮ ಮುಗಿಯೋದಕ್ಕೆ ಬೆಂಕಿ ಹಾಕ!" ಎಂದಳು ಅಕ್ಕ. ಹಾಗೆ ಹೇಳಿ ಅವರ ತೋಳು ಹಿಡಿದುಕೊಂಡಳು. ಹತ್ತುವುದು ಮುಂದುವರಿಯಿತು. ಅವಳಿಗೆ ನೋವೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಎಲ್ಲ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡಳು. ಆದರೆ ವಾಪಸು ಹೋಗುವ ಮಾತು ಮತ್ತೆ ಬರಲಿಲ್ಲ.

ತುದಿಗೆ ಸ್ವಲ್ಪ ಮೊದಲು ಮರದ ಮೆಟ್ಟಿಲು ಮುಗಿದು ಬಂಡೆಯಲ್ಲಿ ಕಡಿದ ಕೆಲವು ಹಳೆಯ ಮೆಟ್ಟಿಲುಗಳು ಬಂದವು. ಒಂದೊಂದೂ ಮಂಡಿಯೆತ್ತರ. "ಇದನ್ನ ಮುಟ್ಟೋ ಹಾಗಿಲ್ಲ. ಕಲ್ಲು, ಕೊಳೆಯೋದೂ ಇಲ್ಲ" ಎಂದು ಭಾವ ಬೇಸರದಿಂದ ಹೇಳಿ, ಚೀಲ ಇಳಿಸಿ, ಆ ಪುಟ್ಟ ಮಣೆಯನ್ನು ಹೊರತೆಗೆದರು. ಮೊದಲ ಕಲ್ಲಿನ ಮುಂದೆ ಇಟ್ಟರು. ಅಕ್ಕ ಮಣೆಯ ಮೇಲೆ ಕಾಲಿಟ್ಟಳು, ಕಲ್ಲಿನ ಮೇಲೆ ಕಾಲಿಟ್ಟಳು. ಭಾವ ಮಣೆ ಎತ್ತಿ ಮುಂದಿನ ಕಲ್ಲಿಗೆ ಇಟ್ಟರು. ಹೀಗೆ ಒಂದೊಂದಾಗಿ ಅಕ್ಕ ಮೇಲೇರಿದಳು. ಹಿಂದೆ ಕಾಯುತ್ತಿದ್ದವರಲ್ಲಿ ಯಾರೂ ಅವಸರ ಮಾಡಲಿಲ್ಲ.

ಅವಸರ ಯಾಕೆ ಮಾಡಲಿಲ್ಲ ಎಂದು ಆಮೇಲೆ ತಿಳಿಯಿತು. ಕೋಲಿನ ಅಜ್ಜಿ, "ಅಪ್ಪಾ, ಆ ಮಣೆ ನನಗೂ ಒಂಚೂರು" ಎಂದರು. ಅವರಾದ ಮೇಲೆ ದಪ್ಪನೆಯ ಹೆಂಗಸು, ಅವಳಾದ ಮೇಲೆ ಅವಳ ಗಂಡ, ಆಮೇಲೆ ಮಗು ಎತ್ತಿಕೊಂಡ ತಾಯಿ. ಭಾವ ಬಗ್ಗಿ ಮಣೆ ಇಡುವುದು, ಎತ್ತುವುದು, ಇಡುವುದು. ಅಕ್ಕ ಮೇಲೆ ತಲುಪಿ ಒಬ್ಬಳೇ ನಿಂತಿದ್ದಳು. ಜಲಪಾತದ ಕಡೆ ಬೆನ್ನು ಹಾಕಿ ಕೂಗಿದಳು, "ರೀ! ಬರ್ತೀರೋ ಇಲ್ವೋ? ನೀವು ಬಾರದೆ ನಾನು ಅದನ್ನ ನೋಡಲ್ಲ!"

ನಾನು ಮಣೆ ಕಿತ್ತುಕೊಂಡು ದಪ್ಪನೆಯ ಹೆಂಗಸಿನ ಗಂಡನ ಕೈಗೆ ಕೊಟ್ಟೆ. ಭಾವನನ್ನು ಬೆನ್ನಿಗೆ ಕೈಹಚ್ಚಿ ಮೇಲಕ್ಕೆ ದಬ್ಬಿದೆ.

ಮೇಲೆ ಸುತ್ತ ಮರದ ಕಂಬಿ ಇರುವ ಹಲಗೆಯ ಅಟ್ಟಣೆ. ಎದುರಿಗೆ ದೊಡ್ಡ ಜಲಪಾತ. ಅದು ಬೀಳುವ ಸದ್ದಿಗೆ ಎದೆಯೊಳಗೆ ಏನೋ ಅದುರುತ್ತಿತ್ತು. ತುಂತುರು ಹಾರಿ ಬಂದು ಮುಖ, ಕೂದಲು, ಬಟ್ಟೆ ಎಲ್ಲ ತೋಯಿಸಿತು. ಅಕ್ಕ ತಿರುಗಿದಳು, ನೋಡಿದಳು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಟವೆಲಿನಲ್ಲಿ ನೋಡಿದ್ದು ಈಗ ಎದುರಿಗಿತ್ತು.

ಭಾವ ಅವಳ ಪಕ್ಕಕ್ಕೆ ಬಂದು ನಿಂತರು. ನಿಂತವರು ನಿಧಾನವಾಗಿ ಒಂದು ಕಾಲು ಒತ್ತಿ ನೋಡಿದರು. ಕಿರ್ ಎಂದಿತು. ತಲೆ ತಗ್ಗಿತು. "ಇಲ್ಲೊಂದು ಹಲಗೆ ಅಲ್ಲಾಡ್ತಿದೆ" ಎಂದರು.

ನನಗೆ ಕೂಗಾಡುವಷ್ಟು ಸಿಟ್ಟು ಬಂತು. ಅಕ್ಕನಿಗೆ ಬರಲಿಲ್ಲ. ಅವಳು ಆ ಹಲಗೆಯ ಮೇಲೆ ತನ್ನ ಬಲಗಾಲನ್ನೇ ಗಟ್ಟಿಯಾಗಿ ಊರಿ ನಿಂತಳು. ಆಮೇಲೆ ಭಾವನ ಗದ್ದಕ್ಕೆ ಬೆರಳು ಕೊಟ್ಟು ಮುಖ ಎತ್ತಿದಳು.

"ಕೆಳಗಡೆ ನಾನು ನೋಡ್ಕೋತೀನಿ" ಎಂದಳು. "ನೀವು ಮೇಲೆ ನೋಡಿ."

ಭಾವ ನೋಡಿದರು. ಅವರ ಕಣ್ಣು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು, ನೀರು ಆಕಾಶದಿಂದ ಬೇರೆಯಾಗುವ ಜಾಗದಲ್ಲಿ ನಿಂತಿತು. ಬಾಯಿ ತೆರೆದುಕೊಂಡಿತು. "ಇಷ್ಟು ಎತ್ತರ ಇದ್ಯಾ ಇದು!" ಎಂದರು. ಅದರ ಬುಡದಲ್ಲೇ ಆಯುಷ್ಯ ಸವೆಸಿದ ಮನುಷ್ಯ! ನಾನು ಅದೇ ಹೊತ್ತಿಗೆ ಪಕ್ಕದಿಂದ ಇಬ್ಬರ ಫೋಟೋ ತೆಗೆದೆ.

ಅಕ್ಕನ ಮಂಡಿ ಆಪರೇಷನ್ ಚೆನ್ನಾಗಿಯೇ ಆಯಿತು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ಬುಟ್ಟಿ ಮಾತ್ರ ಬೇರೆಯವರು ಹೊರುತ್ತಾರೆ. ಆ ಫೋಟೋ ಬಟ್ಟೆ ಕೋಣೆಯ ಇಸ್ತ್ರಿ ಮೇಜಿನ ಮೇಲಿನ ಗೋಡೆಯಲ್ಲಿದೆ. ಅದನ್ನು ಅಂಟಿಸಿದ ದಿನ ಹೆಂಗಸರೆಲ್ಲ ಕೈಯಲ್ಲಿದ್ದ ಶೀಟು ಬಿಟ್ಟು ಗುಂಪುಗೂಡಿ ನೋಡಿದರು. ಜಲಪಾತ ನೋಡಿದರು, ಅಕ್ಕನನ್ನು ನೋಡಿದರು. ಒಬ್ಬಳು ಅವಳ ಪಕ್ಕದಲ್ಲಿ ಮುಖ ಮೇಲೆತ್ತಿ ನಿಂತಿದ್ದವರ ಮೇಲೆ ಬೆರಳಿಟ್ಟು ಕೇಳಿದಳು, "ಇವರ್ಯಾರೇ? ನೋಡಿದ ಹಾಗೇ ಇಲ್ವಲ್ಲ!"

"ನನ್ನ ಗಂಡ ಕಣ್ರೇ" ಎಂದಳು ಅಕ್ಕ. "ನಾನೂ ಮುಖ ಸರಿಯಾಗಿ ನೋಡಿದ್ದು ಅವತ್ತೇ."